ಒಂದು ಬಾಟ್ಲಿ ಏರಿಸಿ ಡಾಕ್ಟ್ರೇ

ಆಸ್ಪತ್ರೆಯಲ್ಲಿ ಹೊಡೆದಾಟದ ವಿಡಿಯೋ ಮತ್ತೊಂದು ಬಂದಿದೆ. ನಿಮ್ಮ ವಾಟ್ಸ್ಆ್ಯಪ್‌ಗೂ ಬಂದಿರುತ್ತೆ ಬಿಡಿ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ರೋಗಿಗಳಿಗೆ 17 ಹಕ್ಕು ಬರೆದುಕೊಟ್ಟಿತು. ಜೊತೆಗೆ ಡಾಕ್ಟರ ಹತ್ರ ಏನೂ ಮುಚ್ಚಿಡಬೇಡಿ, ಹೇಳಿದಂತೆ ನಡೆದುಕೊಳ್ಳಿ, ಕೈ ಮಾಡಬೇಡಿ ಅಂತ ಒಂದಷ್ಟು ಹೊಣೆಯನ್ನೂ ಸೇರಿಸಿತು. ಪಾಪ, ಆಯೋಗದವರು ದಾವಣಗೆರೆ ಕಡೆ ಬಂದೇ ಇಲ್ಲ ಅನ್ಸುತ್ತೆ.

ನಿಜ ಹೇಳೋದ್ರಲ್ಲಿ ನಾವು ಹರಿಶ್ಚಂದ್ರನ ಮೊಮ್ಮಕ್ಕಳು. "ಸಿಹಿ ಮುಟ್ಟೋದೇ ಇಲ್ಲ ಸಾರ್." ಟೆಸ್ಟಿಗೆ ಎರಡು ದಿನ ಇದ್ದಾಗ ಕಟ್ಟುನಿಟ್ಟು ಪಥ್ಯ ಬೇರೆ. ಆದ್ರೆ ಎಚ್‌ಬಿಎ1ಸಿ ಅನ್ನೋ ಚಾಡಿಕೋರ ಟೆಸ್ಟು ರಕ್ತದಲ್ಲಿನ ಸಕ್ಕರೆಯ ಹಿಂದಿನ ಎರಡು-ಮೂರು ತಿಂಗಳ ಲೆಕ್ಕ ಬಿಚ್ಚಿಡುತ್ತೆ. ಆಗ ಲ್ಯಾಬೇ ಸರಿ ಇಲ್ಲ.

ಇನ್ನು ಬಾಟ್ಲಿ ವಿಷಯ. ಜಗಳೂರಿಂದ, ಹರಪನಹಳ್ಳಿಯಿಂದ ಬಸ್ ಹತ್ತಿ ಬಂದವರಿಗೆ ಬರೀ ಮಾತ್ರೆ ಬರೆದು ಕಳಿಸಿದರೆ ಅವನೆಂಥ ಡಾಕ್ಟರು? "ಮೈಯಾಗ ಶಕ್ತಿನೇ ಇಲ್ರೀ, ಒಂದ್ ಬಾಟ್ಲಿ ಏರಿಸ್ಬಿಡ್ರಿ." 5 ಪರ್ಸೆಂಟ್ ಗ್ಲೂಕೋಸಿನ ಅರ್ಧ ಲೀಟರ್ ಬಾಟ್ಲಿಯಲ್ಲಿ ಇರೋದು 25 ಗ್ರಾಂ ಗ್ಲೂಕೋಸ್. ಐದಾರು ಚಮಚ ಸಕ್ಕರೆ ಅಂದ್ಕೊಳ್ಳಿ. ನಮ್ಮೂರ ಒಂದು ಬೆಣ್ಣೆ ದೋಸೆಯಲ್ಲಿ ಅದಕ್ಕಿಂತ ಜಾಸ್ತಿ ಶಕ್ತಿ ಇದೆ, ಮೇಲೆ ಪಲ್ಯ, ಚಟ್ನಿ. ಆದ್ರೆ ದೋಸೆಯನ್ನ ಸ್ಟ್ಯಾಂಡಿಗೆ ನೇತುಹಾಕಿ, ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕೋಕಾಗಲ್ಲ ಅಲ್ವಾ? ಬಾಟ್ಲಿ ಏರಿದ್ರೇ ನೆಂಟರು ಎಳನೀರು ಹಿಡ್ಕೊಂಡು ಬರೋದು. ಮಾತ್ರೆ ನುಂಗಿ ಮಲಗಿದವನನ್ನ ಮನೆ ನಾಯಿಯೂ ವಿಚಾರಿಸಲ್ಲ.

ಆ್ಯಂಟಿಬಯಾಟಿಕ್ ಸ್ಟ್ರಿಪ್ ಮೇಲಿನ, ಡಾಕ್ಟರ ಚೀಟಿ ಇಲ್ಲದೆ ನುಂಗಬೇಡಿ ಅನ್ನೋ ಕೆಂಪು ಗೆರೆ ನಮಗೆ ಬರೀ ಡಿಸೈನು. ಎರಡು ಮಾತ್ರೆಗೆ ಜ್ವರ ಬಿಟ್ಟರೆ ಉಳಿದದ್ದು ಫ್ರಿಜ್ ಮೇಲಿನ ಡಬ್ಬಿಗೆ. ಮುಂದೆ ಭಾವಮೈದನಿಗೆ ಜ್ವರ ಬಂದಾಗ ನಾವೇ ಡಾಕ್ಟರು.

ಟಿಬಿಯಲ್ಲಿ ಈ ಆಟ ನಡೆಯಲ್ಲ. ಮಾತ್ರೆ ಸರ್ಕಾರವೇ ಪುಕ್ಕಟೆ ಕೊಡುತ್ತೆ, ಸಾಮಾನ್ಯವಾಗಿ ಆರು ತಿಂಗಳು. ಕೆಮ್ಮು ನಿಂತಿತು ಅಂತ ಎರಡೇ ತಿಂಗಳಿಗೆ ಬಿಟ್ಟರೆ ಮದ್ದಿಗೆ ಬಗ್ಗದ ಟಿಬಿ ಮನೆ ಮಕ್ಕಳಿಗೂ ಅಂಟಬಹುದು. ಇಷ್ಟೂ ಹೇಳಿ ಹೇಳಿ ಆಶಾ ಕಾರ್ಯಕರ್ತೆಯರ ಗಂಟಲು ಒಣಗಿದೆ.

ಆಸ್ಪತ್ರೆಯವರ ಮೇಲೆ ಕೈ ಮಾಡಿದರೆ ಜೈಲು ಅಂತ ರಾಜ್ಯದಲ್ಲಿ 2009ರಲ್ಲೇ ಕಾಯ್ದೆ ಬಂದಿದೆ. ಆದರೂ ಏಟು ತಿನ್ನೋದು ನಿದ್ದೆಗೆಟ್ಟು ಡ್ಯೂಟಿ ಮಾಡ್ತಿರೋ ಹೌಸ್ ಸರ್ಜನ್ ಹುಡುಗ, ಇಲ್ಲಾಂದ್ರೆ ನರ್ಸಮ್ಮ. ಐಸಿಯುನಲ್ಲಿ ಬೆಡ್ ಇಲ್ಲದ್ದು ಅವರ ತಪ್ಪಾ? ಬೆಡ್ ಹಾಕಿಸಬೇಕಾದವರು ಬೇರೆ ಇದ್ದಾರೆ. ಅವರು ಊರಿಗೆ ಬಂದರೆ ಕ್ರೇನಿನಲ್ಲಿ ಸೇಬಿನ ಹಾರ ಹಾಕ್ತೀವಿ, ಜೆಸಿಬಿ ಹತ್ತಿ ಹೂ ಸುರೀತೀವಿ.