ಬಿಟ್ಟಿ ಬರಹಗಾರರು ಬೇಕಾಗಿದ್ದಾರೆ

ಹೊಸದಾಗಿ ಕನ್ನಡ ವೆಬ್‌ಸೈಟ್ ಶುರುಮಾಡುವವರಿಗೆ ಮೊದಲು ಎದುರಾಗುವ ತಾಪತ್ರಯ, ಬರೆಯುವವರಿಗೆ ಸಂಬಳ ಕೊಡಬೇಕು ಎಂಬುದು. ಬೆಂಗಳೂರಿನ ಸ್ಟಾರ್ಟಪ್ ಲೋಕ ಇದಕ್ಕೆ ಮದ್ದು ಕಂಡುಹಿಡಿದಿದೆ. ಕೆಲಸಕ್ಕೆ ಯಾರನ್ನೂ ತೆಗೆದುಕೊಳ್ಳಬೇಡಿ, ಸಂದರ್ಶನ ಮಾತ್ರ ನಿಲ್ಲಿಸಬೇಡಿ.

ಲೆಕ್ಕ ನೋಡಿ. ಜಾಹೀರಾತಿಗೆ 40 ಅರ್ಜಿ ಬಂದವು ಎನ್ನಿ. ಒಬ್ಬೊಬ್ಬರಿಗೂ ಸಾವಿರ ಪದಗಳ ಮೂರು ‘ಸ್ಯಾಂಪಲ್’ ಲೇಖನ ಹೇಳಿ. ಕೂತಲ್ಲೇ 120 ಲೇಖನ, 1,20,000 ಪದ. ಪದಕ್ಕೆ 50 ಪೈಸೆಯಂತೆ ಹೊರಗೆ ಬರೆಸಿದ್ದರೆ 60,000 ರೂಪಾಯಿ ಬಿಚ್ಚಬೇಕಿತ್ತು. ಈಗ ಒಂದು ಗೂಗಲ್ ಫಾರ್ಮ್‌ನಲ್ಲಿ ಮುಗಿಯಿತು, ಅದೂ ಪುಕ್ಕಟೆ.

ಎಲ್ಲರಿಗೂ ಒಂದೇ ವಿಷಯ ಕೊಟ್ಟು ಕೆಡಬೇಡಿ. ಅಭ್ಯರ್ಥಿಗಳನ್ನು ನಿಜವಾಗಿಯೂ ಹೋಲಿಸಿ ನೋಡುವ ಇರಾದೆ ಇರುವವರು ಮಾಡುವ ಕೆಲಸ ಅದು. ಮೊದಲನೆಯವರಿಗೆ ‘3,000 ರೂಪಾಯಿಯೊಳಗಿನ ಮಿಕ್ಸಿಗಳು’, ಎರಡನೆಯವರಿಗೆ ಗೃಹಸಾಲದ ಬಡ್ಡಿ, ಮೂರನೆಯವರಿಗೆ ‘ವರಮಹಾಲಕ್ಷ್ಮಿ ಹಬ್ಬದ ಶುಭಾಶಯಗಳು’ ಎಂದು ಹಂಚಿ. ಸಂದರ್ಶನವನ್ನು ಹಬ್ಬಕ್ಕೆ ಮೂರು ವಾರ ಮುಂಚೆ ಇಟ್ಟುಕೊಂಡರೆ ಇನ್ನೂ ಚೆನ್ನ. ಜನ ಹುಡುಕಲು ಶುರುಮಾಡುವ ಹೊತ್ತಿಗೆ ಗೂಗಲ್ ಆ ಪುಟವನ್ನು ನೋಡಿರಬೇಕಲ್ಲ.

ಜಾಹೀರಾತಿನಲ್ಲಿ ‘ಅನುಭವ 0–5 ವರ್ಷ, ಸಂಬಳ ಇಂಡಸ್ಟ್ರಿಯಲ್ಲೇ ಬೆಸ್ಟ್’ ಎಂದಷ್ಟೇ ಇರಲಿ, ಅಂಕಿ ಬೇಡ. ಬರವಣಿಗೆಯ ಜೊತೆಗೆ ವರ್ಡ್‌ಪ್ರೆಸ್, ಕ್ಯಾನ್ವಾ, ರೀಲ್ಸ್ ಎಡಿಟಿಂಗ್, ವಾಯ್ಸ್ ಓವರ್ ಎಲ್ಲವನ್ನೂ ಸೇರಿಸಿ. ಕೊನೆಗೆ ‘ಸ್ವಂತ ಲ್ಯಾಪ್‌ಟಾಪ್ ಇರಬೇಕು’. ಎಚ್‌ಆರ್ ಫೋನ್ ಇಂಗ್ಲಿಷಿನಲ್ಲೇ ಹೋಗಲಿ. ಕನ್ನಡ ಬರೆಯುವವರ ಕನ್ನಡವನ್ನು ಯಾರಾದರೂ ಪರೀಕ್ಷೆ ಮಾಡುತ್ತಾರೆಯೇ!

ಅಸೈನ್‌ಮೆಂಟ್‌ನ ನಿಯಮಗಳಲ್ಲಿ ಕೈಚಳಕ ತೋರಿಸಬಹುದು. ‘ಎಲೆಕ್ಟ್ರಿಕ್ ಕಾರು’ ಎಂಬ ಕೀವರ್ಡ್, ಅಂದರೆ ಜನ ಗೂಗಲ್‌ನಲ್ಲಿ ಹುಡುಕುವ ಮಾತು, ಸಾವಿರ ಪದದಲ್ಲಿ 12 ಸಲ ಬರಬೇಕು ಎಂದು ತಾಕೀತು ಮಾಡಿ. ಕನ್ನಡದಲ್ಲಿ ನೆಟ್ಟಗೆ ವಾಕ್ಯ ಬರೆಯುವವರಿಗೆ ಫಜೀತಿ ಆಗುವುದೇ ಇಲ್ಲಿ. ವಿಭಕ್ತಿ ಹತ್ತಿದ ಕೂಡಲೇ ಕಾರು ಹೋಗಿ ಕಾರಿನ, ಕಾರಿಗೆ, ಕಾರಿನಲ್ಲಿ ಆಗುತ್ತದೆ. ಲೇಖನ ಗೂಗಲ್ ಹುಡುಕಾಟದಲ್ಲಿ ಮೇಲೆ ಬರಲೆಂದು ಅಕ್ಷರಕ್ಕೆ ಅಕ್ಷರ ತಾಳೆ ನೋಡುವ ಎಸ್‌ಇಒ ಪ್ಲಗಿನ್‌ಗೆ ಇವು ಯಾವುವೂ ಲೆಕ್ಕಕ್ಕಿಲ್ಲ, ಕೆಂಪು ದೀಪ ಹೊತ್ತಿಸಿ ಕೂರುತ್ತದೆ. ಹಸಿರಾಗಬೇಕಾದರೆ ‘ಎಲೆಕ್ಟ್ರಿಕ್ ಕಾರು ಬೆಲೆ ಎಷ್ಟು? ಎಲೆಕ್ಟ್ರಿಕ್ ಕಾರು ಚಾರ್ಜಿಂಗ್ ಹೇಗೆ? ಎಲೆಕ್ಟ್ರಿಕ್ ಕಾರು ಖರೀದಿ ಮುನ್ನ ತಿಳಿಯಿರಿ’ ಎಂದು ಪ್ರತ್ಯಯ ಕಳಚಿ ಬರೆಯಬೇಕು. ಪಾಪ, ಬರೆಯುತ್ತಾರೆ. ಮುಂದಿನ ಸುತ್ತಿನಲ್ಲಿ ಅವರಿಗೆ ‘ನಿಮ್ಮ ಭಾಷೆ ಯಾಕೋ ಸಹಜವಾಗಿಲ್ಲ’ ಎನ್ನಿ.

ಅದಕ್ಕೂ ಮೊದಲು ಎಐ ಪತ್ತೆ ಮಾಡುವ ಯಾವುದಾದರೂ ಉಚಿತ ತಾಣಕ್ಕೆ ಲೇಖನ ಹಾಕಿ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ ಇಂಥದ್ದೊಂದು ಸಾಧನವನ್ನು 2023ರ ಜನವರಿಯಲ್ಲಿ ಬಿಟ್ಟು, ನಿಖರತೆ ಸಾಲದೆಂದು ಅದೇ ಜುಲೈನಲ್ಲಿ ಹಿಂದಕ್ಕೆ ತೆಗೆದುಕೊಂಡಿತು. ಕನ್ನಡಕ್ಕೆ ಈ ತಾಣಗಳು ಕೊಡುವ ಶೇಕಡಾ ಲೆಕ್ಕವೂ ಗಿಣಿಶಾಸ್ತ್ರದವನ ಗಿಳಿ ಎಳೆಯುವ ಕಾರ್ಡೂ ಒಂದೇ. ನಿಮಗೇನು, ‘92% ಎಐ’ ಎಂದು ಸ್ಕ್ರೀನ್‌ಶಾಟ್ ಕಳಿಸಿದರೆ ಆಯಿತು. ಅವರು ಇಲ್ಲ ಎಂದು ಸಾಧಿಸುವುದಾದರೂ ಹೇಗೆ? ಇದೇ ಉಸಿರಿನಲ್ಲಿ ‘ಚಾಟ್‌ಜಿಪಿಟಿ ಇಟ್ಟುಕೊಂಡು ದಿನಕ್ಕೆ ಎಷ್ಟು ಲೇಖನ ತೆಗೆಯುತ್ತೀರಿ?’ ಎಂದು ಕೇಳಿ. ಐದು ಎಂದವರಿಗೆ ವೇಗ ಸಾಲದು, ಹತ್ತು ಎಂದವರಿಗೆ ಗುಣಮಟ್ಟ ಸಾಲದು.

ಲೇಖನ ನೋಡುವ ಮ್ಯಾನೇಜರಿಗೆ ಕನ್ನಡ ಓದಲು ಬರಬೇಕೆಂದೇನೂ ಇಲ್ಲ. ಗೂಗಲ್ ಟ್ರಾನ್ಸ್‌ಲೇಟ್‌ಗೆ ಕನ್ನಡ 2011ರಲ್ಲೇ ಬಂದಿದೆ. ಲೇಖನವನ್ನು ಅದರೊಳಗೆ ಸುರಿದು, ಆ ಕಡೆಯಿಂದ ಬಂದ ಇಂಗ್ಲಿಷ್ ಓದಿ, ‘ಫ್ಲೋ ಇಲ್ಲ, ಸ್ವಲ್ಪ ಪಂಚ್ ಬೇಕು’ ಎನ್ನಬಹುದು. ಅಭ್ಯರ್ಥಿ ರಾತ್ರಿ ಕೂತು ತಿದ್ದಿ ಕಳಿಸುತ್ತಾರೆ. ತಿದ್ದುವ ಸಂಪಾದಕರ ಸಂಬಳವೂ ಉಳಿಯಿತು.

ಹಳೆಯ ಡಿಟಿಪಿ ಕೈಯವರು ಎಲ್ಲ ಫೋನಿನಲ್ಲೂ ಓದಲು ಬರುವ ಯೂನಿಕೋಡ್ ಬಿಟ್ಟು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿ ಕಳಿಸುವುದುಂಟು. ಆ ಫಾಂಟು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದು, ಅದಿಲ್ಲದ ಫೋನಿನಲ್ಲಿ ಬರೀ ಕೊಕ್ಕೆ ಬಾಲಗಳು ಕಾಣುತ್ತವೆ. ಇಂಥವರನ್ನು ‘ಟೆಕ್ನಿಕಲ್ ಸ್ಕಿಲ್ ಸಾಲದು’ ಎಂದು ಕೈಬಿಡಿ. ಲೇಖನವನ್ನು ಮಾತ್ರ ಬಿಡಬೇಡಿ, ಅದನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಧಾರಾಳವಾಗಿ ಸಿಗುತ್ತವೆ.

ಇನ್ನು ಕಿರಿಕ್ ಗಿರಾಕಿಗಳ ಬಗ್ಗೆ ಎಚ್ಚರಿಕೆ. ‘ಸ್ಯಾಂಪಲ್ ಅಂದರೆ 300 ಪದ, ಅದಕ್ಕಿಂತ ಹೆಚ್ಚಾದರೆ ದುಡ್ಡು’ ಎನ್ನುವವರಿದ್ದಾರೆ. ಹಿಂದೆ ಪ್ರಕಟವಾದ ಲೇಖನಗಳ ಲಿಂಕ್ ಕೊಟ್ಟು ‘ಇದನ್ನೇ ನೋಡಿ’ ಎನ್ನುವವರೂ ಇದ್ದಾರೆ. ಇನ್ನು ಕೆಲವರು ಕಾಪಿ, ಡೌನ್‌ಲೋಡ್ ಎರಡನ್ನೂ ಬಂದ್ ಮಾಡಿದ ಗೂಗಲ್ ಡಾಕ್ ಕಳಿಸುತ್ತಾರೆ, ಅದರ ಮೇಲೆ ತಮ್ಮ ಹೆಸರು, ತಾರೀಕು ಹಾಕಿರುತ್ತಾರೆ. ಎಲ್ಲರಿಗಿಂತ ಅಪಾಯಕಾರಿ ಎಂದರೆ 1957ರ ಕೃತಿಸ್ವಾಮ್ಯ ಕಾಯ್ದೆ ಓದಿಕೊಂಡವರು. ನೌಕರ ಕೆಲಸದ ಭಾಗವಾಗಿ ಬರೆದದ್ದರ ಹಕ್ಕು ಸಾಮಾನ್ಯವಾಗಿ ಮಾಲೀಕರಿಗೆ ಸೇರುತ್ತದೆ ಎನ್ನುತ್ತದೆ 17ನೇ ಸೆಕ್ಷನ್. ಅಭ್ಯರ್ಥಿ ಇನ್ನೂ ನೌಕರನೇ ಆಗಿಲ್ಲ, ಹಾಗಾಗಿ ಹಕ್ಕು ಬರೆದವರದ್ದೇ. ಅದನ್ನು ವರ್ಗಾಯಿಸಲು ಲಿಖಿತ ಪತ್ರ, ಅವರ ಸಹಿ ಬೇಕು ಎಂದು 19ನೇ ಸೆಕ್ಷನ್ ಬೇರೆ ಇದೆ. ಪ್ರಕಟಿಸಿದ ಲೇಖನದ ಲಿಂಕ್ ಹಿಡಿದು ಇವರು ಇನ್‌ವಾಯ್ಸ್ ಕಳಿಸಿದರೆ ತಕ್ಷಣ ‘ಇಂಟರ್ನ್ ಕಡೆಯಿಂದ ಆದ ಕಣ್ತಪ್ಪು’ ಎನ್ನಿ. ಇಂಟರ್ನ್ ಇಲ್ಲದಿದ್ದರೂ ಪರವಾಗಿಲ್ಲ.

ಉಳಿದವರಿಗೆ ‘ಎರಡು ದಿನದಲ್ಲಿ ತಿಳಿಸುತ್ತೇವೆ’ ಎನ್ನುವುದು ವಾಡಿಕೆ. ಮೂರನೇ ವಾರ ಅವರು ಮೇಲ್ ಮಾಡಿದರೆ ‘ಹುದ್ದೆ ಸದ್ಯಕ್ಕೆ ಹೋಲ್ಡ್‌ನಲ್ಲಿದೆ’. ಅಂದೇ ಜಾಹೀರಾತನ್ನು ಮತ್ತೆ ಹಾಕಿ, ದೀಪಾವಳಿ ಲೇಖನಗಳಿಗೆ ಹೊತ್ತಾಗುತ್ತಿದೆ.

ಅಂದಹಾಗೆ, ಅವರು ಕಳಿಸಿದ ಚಿತ್ರಗಳನ್ನು ವರ್ಡ್‌ಪ್ರೆಸ್‌ಗೆ ಏರಿಸುವ ಮುಂಚೆ ಫೈಲಿನ ಹೆಸರು ಬದಲಿಸಿ. ಮರೆತರೆ ‘ಅಸೈನ್‌ಮೆಂಟ್-ಫೈನಲ್-2’ ಎಂಬುದು ಚಿತ್ರದ ವಿಳಾಸದಲ್ಲಿ ಹಾಗೇ ಉಳಿದುಬಿಡುತ್ತದೆ.