ಸ್ಕೇಲಿಟ್ಟು ಗೆರೆ ಎಳೆದರೆ ಅರ್ಧ ಗಂಟೆ

ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣದಿಂದ ಬೆಂಗಳೂರಿನ ದೇವನಹಳ್ಳಿ ನಿಲ್ದಾಣಕ್ಕೆ ಎಷ್ಟು ದೂರ? ನಕ್ಷೆಯ ಮೇಲೆ ಸ್ಕೇಲಿಟ್ಟು ಗೆರೆ ಎಳೆದರೆ ಸುಮಾರು 240 ಕಿಲೋಮೀಟರ್. ನಮ್ಮೂರಿಗೆ ಬರುವ ಎಟಿಆರ್ ಎಂಬ ಸಣ್ಣ ಪ್ರೊಪೆಲ್ಲರ್ ವಿಮಾನ ಗಂಟೆಗೆ ಹತ್ತಿರ ಹತ್ತಿರ 500 ಕಿಲೋಮೀಟರ್ ಹಾರುತ್ತದೆ. ಭಾಗಿಸಿ ನೋಡಿ. ಅರ್ಧ ಗಂಟೆ!

ಈ ಅರ್ಧ ಗಂಟೆಯನ್ನು ನಂಬಿಕೊಂಡು ಭಾವನ ಹತ್ತಿರ ಮಸಾಲೆ ದೋಸೆ ಪಂದ್ಯ ಕಟ್ಟಿದೆ. ಅವರು ಬೆಳಗಿನ ಜನಶತಾಬ್ದಿ ರೈಲಿಗೆ, ನಾನು ವಿಮಾನಕ್ಕೆ. ಶಿವಮೊಗ್ಗದ ಮನೆ ಗೇಟಿನಿಂದ ಜಯನಗರದ ಚಿಕ್ಕಮ್ಮನ ಮನೆ ಗೇಟಿನವರೆಗೆ ಯಾರು ಕಡಿಮೆ ಹೊತ್ತು ತಗೊಳ್ತಾರೋ ಅವರು ಗೆದ್ದ ಹಾಗೆ.

ಟಿಕೆಟ್ ನೋಡಿದರೆ ಅರ್ಧ ಗಂಟೆ ಆಗಲೇ ಒಂದು ಗಂಟೆ ಐದು ನಿಮಿಷ ಆಗಿತ್ತು. ವಿಮಾನ ಇಲ್ಲಿ ಜಾಗ ಬಿಟ್ಟಲ್ಲಿಂದ ಅಲ್ಲಿ ಹೋಗಿ ನಿಲ್ಲುವವರೆಗೂ ಲೆಕ್ಕವಂತೆ. ಮೇಲೊಂದಿಷ್ಟು ಕೊಸರು. ಈ ಕೊಸರಿನ ಮಹಿಮೆ ಗೊತ್ತಾಗಿದ್ದು ಆಮೇಲೆ. ಇಪ್ಪತ್ತು ನಿಮಿಷ ತಡವಾಗಿ ಹೊರಟ ವಿಮಾನ, ‘ನಿಗದಿತ ಸಮಯಕ್ಕಿಂತ ಮುಂಚೆಯೇ ಇಳಿದಿದ್ದೇವೆ’ ಅಂತ ಹೆಮ್ಮೆಯಿಂದ ಘೋಷಿಸಿತು. ಪಕ್ಕದ ಸೀಟಿನ ಅಜ್ಜ ಗಡಿಯಾರ ನೋಡಿಕೊಂಡು ಅದನ್ನೇ ಅಲ್ಲಾಡಿಸಿದರು.

ಇನ್ನು ನನ್ನ ಲೆಕ್ಕ ಕೇಳಿ. ಮನೆಯಿಂದ ಸೋಗಾನೆಗೆ ಮುಕ್ಕಾಲು ಗಂಟೆ. ಎರಡು ಗಂಟೆ ಮುಂಚೆ ಬನ್ನಿ ಅಂದರು, ಬಂದೆ. ಬೆಲ್ಟು ಬಿಚ್ಚಿದೆ, ಕಟ್ಟಿದೆ. ಉಪ್ಪಿನಕಾಯಿ ಬಾಟಲಿ ಕೈಚೀಲದಲ್ಲಿ ಒಯ್ಯುವ ಹಾಗಿಲ್ಲ ಅಂದಿದ್ದಕ್ಕೆ ಅದಕ್ಕಾಗಿಯೇ ಲಗೇಜ್ ಹಾಕಿದೆ. ದೇವನಹಳ್ಳಿಯಲ್ಲಿ ಆ ಉಪ್ಪಿನಕಾಯಿ ಬೆಲ್ಟಿನ ಮೇಲೆ ಮೆರವಣಿಗೆ ಬರೋಕೆ ಅರ್ಧ ಗಂಟೆ. ಅಲ್ಲಿಂದ ಬಸ್ಸು. ಹೆಬ್ಬಾಳದ ಹತ್ತಿರ ಅದು ಎಷ್ಟು ಹೊತ್ತು ನಿಂತಿತ್ತು ಅಂದರೆ, ತಲೆ ಮೇಲೆ ಹೋದ ವಿಮಾನಗಳನ್ನು ಎಣಿಸೋದೂ ಬೇಜಾರಾಯಿತು. ಒಟ್ಟು ಆರೂವರೆ ಗಂಟೆ.

ಭಾವನದು? ಅರಸೀಕೆರೆಯಲ್ಲಿ ಕಾಫಿ, ತುಮಕೂರಿನವರೆಗೆ ಸಣ್ಣ ನಿದ್ದೆ, ಆಮೇಲೆ ಮೆಟ್ರೊ. ಆರಕ್ಕೆ ಹತ್ತು ನಿಮಿಷ ಕಡಿಮೆ.

ಹಾಗಂತ ಬೇಸರವಿಲ್ಲ. ನಮ್ಮ ನಿಲ್ದಾಣ ಉದ್ಘಾಟನೆ ಆಗಿದ್ದು 2023ರ ಫೆಬ್ರವರಿ 27ಕ್ಕೆ. ಟಿಕೆಟ್ ಕೊಂಡ ಪ್ರಯಾಣಿಕರ ಮೊದಲ ವಿಮಾನ ಬಂದಿಳಿದದ್ದು ಆಗಸ್ಟ್ 31ಕ್ಕೆ. ಅದಕ್ಕೆ ಹಿಡಿದದ್ದು ಆರು ತಿಂಗಳು, ನನಗೆ ಆರೂವರೆ ಗಂಟೆ. ಪ್ರಗತಿ ಅಲ್ವಾ? ರನ್‌ವೇ ಅಂತೂ 3.2 ಕಿಲೋಮೀಟರ್ ಉದ್ದ. ದೊಡ್ಡ ಜೆಟ್ ವಿಮಾನಗಳಿಗೇ ಸಾಕು. ಅದರ ಮೇಲೆ ಪುಟ್ಟ ಎಟಿಆರ್ ಇಳಿಯೋದು ನೋಡಿದರೆ, ದೊಡ್ಡ ಛತ್ರ ಹಿಡಿದು ಹತ್ತು ಜನಕ್ಕೆ ಸತ್ಯನಾರಾಯಣ ಪೂಜೆ ಮಾಡಿಸಿದ ಹಾಗಿರುತ್ತದೆ.

ದೋಸೆ ಮುರಿಯುತ್ತಾ ಭಾವ ಕೇಳಿದರು, “ಮುಂದಿನ ತಿಂಗಳು ಮಂಗಳೂರಿನ ಮದುವೆಗೂ ವಿಮಾನದಲ್ಲೇ ಬರ್ತೀಯೇನೋ?”

ಮೊಬೈಲ್ ತೆಗೆದೆ. ಎರಡು ನಿಲ್ದಾಣಗಳ ನಡುವೆ ಗೆರೆ ಎಳೆದರೆ ಸುಮಾರು 125 ಕಿಲೋಮೀಟರ್. ಹಾರಿದರೆ ಕಾಲು ಗಂಟೆ! ಟಿಕೆಟ್ ಹುಡುಕಿದೆ. ಬೆಂಗಳೂರಿಗೆ ಹೋಗಿ, ಅಲ್ಲಿ ಕಾದು, ಇನ್ನೊಂದು ವಿಮಾನ ಹತ್ತಬೇಕು. ಗೆರೆ ಲೆಕ್ಕದಲ್ಲೇ 540 ಕಿಲೋಮೀಟರ್. ಕೊಂಕಣ ಸುತ್ತಿ ಮೈಲಾರಕ್ಕೆ ಹೋದವನು ಕೊಂಕಣವನ್ನಾದರೂ ನೋಡಿದ್ದ.

“ಭಾವ, ಆಗುಂಬೆ ಘಾಟಿ ಇಳಿಯೋ ಮಿನಿ ಬಸ್ಸು ಎಷ್ಟೊತ್ತಿಗೆ?” ಅಂದೆ. ಅವರು ನನ್ನ ಲೆಕ್ಕದಲ್ಲಿ ಇನ್ನೊಂದು ದೋಸೆ ಹೇಳಿದರು.