ಸೊಟ್ಟ ಕಿವಿಯ ಮೊಲ

ಕಳೆದ ವರ್ಷದ ಮಾತು. ಇಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಮಗಳ ಕಿಂಡರ್‌ಗಾರ್ಟನ್‌ಗೆ ಲಾಟೀನು ಮಾಡಲು ಹೋಗಿದ್ದೆ. ನವೆಂಬರ್ 11 ಸೇಂಟ್ ಮಾರ್ಟಿನ್ ಹಬ್ಬ. ಆ ಹೊತ್ತಿಗೆ ಮಕ್ಕಳು ಕಾಗದದ ಲಾಟೀನು ಮಾಡಿ, ಕೋಲಿಗೆ ತೂಗುಹಾಕಿ, ಕತ್ತಲಲ್ಲಿ ಹಾಡುತ್ತ ಬೀದಿ ಸುತ್ತುತ್ತಾರೆ. ನಮ್ಮ ಆಕಾಶಬುಟ್ಟಿಯೇ ಕೆಳಗಿಳಿದು ನಡೆದಂತೆ ಕಾಣುತ್ತದೆ.

ಮಗಳು ಮೊಲ ಮಾಡುತ್ತಿದ್ದಳು. ಒಂದು ಕಿವಿ ಉದ್ದ, ಇನ್ನೊಂದು ಮೋಟು. ಮೊಣಕೈವರೆಗೆ ಅಂಟು. ನನಗೆ ತಡೆಯಲಿಲ್ಲ. ಕತ್ತರಿ ತಗೊಂಡು ಉದ್ದ ಕಿವಿಯನ್ನು ಸರಿ ಮಾಡಿದೆ. ಸುಕ್ಕಾಗಿದ್ದ ಹಳದಿ ಕಾಗದ ಕಿತ್ತು ಹೊಸದು ಅಂಟಿಸಿದೆ. ಟೀಚರ್ ಬಂದು ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದರು, "ಇದನ್ನ ಹಿಡ್ಕೊಂಡು ನಡೆಯೋದು ನೀವಾ, ಅವಳಾ?" ಬೈದದ್ದಲ್ಲ. ಆದರೂ ಚುರುಕ್ ಅಂತು. ತಿರುಗಿ ನೋಡಿದರೆ ಮಗಳು ಸುಮ್ನೆ ಕೈಕಟ್ಟಿ ಕೂತಿದ್ದಳು.

ಇಲ್ಲಿಯವರು ಹೀಗೆ ಕೈಯಿಂದ ಏನಾದರೂ ಮಾಡುತ್ತ ಕೂರುವುದಕ್ಕೆ 'ಬಾಸ್ಟೆಲ್ನ್' ಅನ್ನುತ್ತಾರೆ. 1840ರಲ್ಲಿ ಕಿಂಡರ್‌ಗಾರ್ಟನ್ ಅನ್ನುವ ಹೆಸರು ಕೊಟ್ಟ ಫ್ರೋಬೆಲ್ ಈ ದೇಶದವರೇ. ಕಾಗದ ಮಡಚುವುದು, ಹೆಣೆಯುವುದು, ಜೇಡಿಮಣ್ಣಿನ ಕೆಲಸ ಎಲ್ಲ ಅವರ ಪಾಠದಲ್ಲೇ ಇದ್ದವು. ನಾಲ್ಕು ಕಾಗದದ ಪಟ್ಟಿ ಹೆಣೆದು ಮಾಡುವ ನಕ್ಷತ್ರವೊಂದಕ್ಕೆ ಇಂದಿಗೂ ಅವರದೇ ಹೆಸರು. ಡಿಸೆಂಬರ್ ಬಂತೆಂದರೆ ಹುಲ್ಲಿನ ನಕ್ಷತ್ರ. ಒಣಹುಲ್ಲಿನ ಕಡ್ಡಿಯನ್ನು ನೀರಲ್ಲಿ ನೆನೆಸಿ, ಸೀಳಿ, ಇಸ್ತ್ರಿ ಮಾಡಿ, ಕೆಂಪು ದಾರದಿಂದ ಕಟ್ಟುತ್ತಾರೆ. ಮಗಳು ಕಟ್ಟಿದ್ದರ ಒಂದು ಕಡ್ಡಿ ಜಾರಿತ್ತು. ಹಾಗೇ ಕೆಳಗಿನ ಮನೆಯ ಅಜ್ಜಿಗೆ ಕೊಟ್ಟಳು. ಅವರು ಅದನ್ನು ಬಾಗಿಲಿಗೇ ಹಾಕಿದರು. ದಿನಾ ಹತ್ತಿ ಇಳಿಯುವಾಗ ನೋಡುತ್ತೇನೆ.

ನಮ್ಮ ಕಡೆ ಇದೇ ತಪ್ಪಿಹೋಗಿದೆ ಅನಿಸುತ್ತದೆ. ಹೋದ ಸಲ ಧಾರವಾಡಕ್ಕೆ ಹೋದಾಗ ಅಣ್ಣನ ಮಗನ ಶಾಲೆಯ ಪ್ರಾಜೆಕ್ಟ್ ನಡೆದಿತ್ತು, ಒಂದು ಪುಟ್ಟ ಮನೆ. ಥರ್ಮಾಕೋಲ್ ಕೊಯ್ದದ್ದು ಅಣ್ಣ, ಬಣ್ಣ ಹಚ್ಚಿದ್ದು ವೈನಿ, ಹೆಸರು ಬರೆದದ್ದಷ್ಟೇ ಹುಡುಗ. ಹುಟ್ಟುಹಬ್ಬದ ರಿಟರ್ನ್ ಗಿಫ್ಟೂ ಡಜನ್ ಲೆಕ್ಕದಲ್ಲಿ ಅಂಗಡಿಯಿಂದ. ಚಂದ ಕಾಣಬೇಕು, ನಾಲ್ಕು ಮಂದಿ ಮುಂದೆ ಎದ್ದು ಕಾಣಬೇಕು. ಮಗುವಿನ ಕೈ ಅದರಲ್ಲಿ ಎಲ್ಲಿದೆ? ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ.

ಯಾಕೆಂದರೆ ನಾವು ಹೀಗಿರಲಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಅಜ್ಜ ಹೊಲದಿಂದ ಎರೆಮಣ್ಣು ತರುತ್ತಿದ್ದ. ನಾದಿ ನಾದಿ ಅಂಗೈಗೆ ಅಂಟದಷ್ಟು ಹದ ಮಾಡಿ, ಎತ್ತು ಮಾಡಲು ನಮಗೊಂದೊಂದು ಉಂಡೆ ಕೊಡುತ್ತಿದ್ದ. ಕಣ್ಣಿಗೆ ಗುಲಗಂಜಿ, ಕೋಡಿನ ಸುತ್ತ ಕುಸುಬಿ ಕಾಳು. ನನ್ನ ಎತ್ತಿನ ಕಾಲು ಯಾವಾಗಲೂ ಕುಸಿಯುತ್ತಿತ್ತು, ಹೊಟ್ಟೆ ನೆಲಕ್ಕೆ ಹತ್ತುತ್ತಿತ್ತು. "ಕುಂತದ ಬಿಡೋ. ದಣದಿರಬೇಕು, ನಿನ್ನ ಎತ್ತಲ್ಲ?" ಅನ್ನುತ್ತಿದ್ದ ಅಜ್ಜ. ಕೈ ಹಚ್ಚುತ್ತಿರಲಿಲ್ಲ. ಪೂಜೆ ಆಗುತ್ತಿದ್ದದ್ದು ಆ ಕುಂತ ಎತ್ತಿಗೇ. ಈಗ ಅಣ್ಣನ ಮನೆಗೆ ಸಂತೆಯಿಂದ ಬಣ್ಣದ ಜೋಡಿ ಬರುತ್ತದೆ.

ವೈನಿ ಇದನ್ನು ಕೇಳಿ, "ನೀವು ಮಣ್ಣು ತಂದುಕೊಡ್ರಿ, ನಾ ಮಾಡಿಸ್ತೀನಿ" ಅಂದರು. ಮೂರನೇ ಮಹಡಿ, ಇಬ್ಬರಿಗೂ ನೌಕರಿ, ಹುಡುಗನಿಗೆ ಟ್ಯೂಷನ್. ಪ್ರಾಜೆಕ್ಟಿಗೆ ಮಾರ್ಕ್ಸ್ ಇಡುವವರು ಸೊಟ್ಟ ಮನೆಗೆ ಎಷ್ಟು ಕೊಟ್ಟಾರು? ಇಲ್ಲೂ ಕತ್ತರಿಸಿಟ್ಟ ಲಾಟೀನಿನ ಪೊಟ್ಟಣ ಅಂಗಡಿಯಲ್ಲಿ ಸಿಗುತ್ತದೆ, ತಗೊಳ್ಳುವವರೂ ಇದ್ದಾರೆ. ಇನ್ನೊಂದನ್ನೂ ಹೇಳಬೇಕು. ಅಜ್ಜನ ಪಡಸಾಲೆಯಲ್ಲಿ ನಾವು ಏಳು ಮಕ್ಕಳು ಒಟ್ಟಿಗೆ ಕೂರುತ್ತಿದ್ದೆವು. ಆ ಗದ್ದಲ ನನ್ನ ಮಗಳಿಗೆ ಇಲ್ಲಿಲ್ಲ.

ಎರೆಮಣ್ಣು ಇಲ್ಲದ್ದಕ್ಕೆ ಈ ಸಲ ಉಪ್ಪಿನ ಹಿಟ್ಟಿನಲ್ಲಿ ಎತ್ತು ಮಾಡಿದೆವು. ಎರಡು ಲೋಟ ಗೋಧಿಹಿಟ್ಟು, ಒಂದು ಲೋಟ ಪುಡಿ ಉಪ್ಪು, ಹೆಚ್ಚುಕಡಿಮೆ ಒಂದು ಲೋಟ ನೀರು. ದಪ್ಪ ಮಾಡಿದರೆ ಬಿರುಕು ಬಿಡುತ್ತದೆ, ನಿಧಾನಕ್ಕೆ ಒಣಗಿಸಬೇಕು. ಕಣ್ಣಿಗೆ ಮೆಣಸಿನ ಕಾಳು ಒತ್ತಿದಳು, ಒಂದು ಕಡೆ ಎರಡು. ರಜೆಗೆ ಊರಿಗೆ ಒಯ್ದಾಗ ದಾರಿಯಲ್ಲಿ ಒಂದು ಕೋಡು ಮುರಿಯಿತು. ಅವ್ವ ಅದನ್ನು ಹಾಗೇ ದೇವರ ಜಗಲಿ ಮೇಲೆ, ಸಂತೆಯ ಜೋಡಿಯ ಪಕ್ಕ ಇಟ್ಟಿದ್ದಾಳೆ. ಮುರಿದ ಕೋಡೂ ಅಲ್ಲೇ ಇದೆ.